ಬೆಂಚಿನ ಕೆಳಗಿನ ಚೀಲಗಳು

ಅರಸೀಕೆರೆಯ ಹಳೇ ಪೇಟೆಬೀದಿಯ ಇತಿಹಾಸವನ್ನು ಮುಂದೆ ಯಾರಾದರೂ ಬರೆಯುವುದಾದರೆ, ಆ ಸೋಮವಾರ ರೇವಣಸಿದ್ದಪ್ಪನವರ ಮನೆಯಲ್ಲಿ ಆದ ತೀರ್ಮಾನಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಡಬೇಕಾಗುತ್ತದೆ. ಮನೆಯ ಸಮಸ್ತ ಸದಸ್ಯರೂ ಹಾಜರಿದ್ದರು. ಮುದ್ದೆ, ಬಸ್ಸಾರಿನ ಮುಂದೆ ಕೂತು ವಿಷಯದ ಪರ ವಿರೋಧಗಳನ್ನು ಕೂಲಂಕಷವಾಗಿ ಚರ್ಚಿಸಲಾಯಿತು. ಕೊನೆಗೆ, ಇನ್ನು ಮುಂದೆ ಅಂಗಡಿಯ ಬೆಂಚಿನ ಕೆಳಗೆ ಯಾವ ಗಿರಾಕಿಯ ಚೀಲವನ್ನೂ ಇಟ್ಟುಕೊಳ್ಳತಕ್ಕದ್ದಲ್ಲ ಎಂದು ನಿರ್ಧಾರವಾಯಿತು.

ಸಮಸ್ತ ಸದಸ್ಯರೆಂದರೆ ನಾಲ್ಕೇ ಜನ. ಹಿರಿಯರು ರೇವಣಸಿದ್ದಪ್ಪ, ಅವರ ಮಗ ಇಂದ್ರೇಶ್, ಸೊಸೆ ದ್ರಾಕ್ಷಾಯಣಿ, ಮೊಮ್ಮಗಳು ಮೇಘಶ್ರೀ. ಮುಂದೆ ಜವಳಿ ಅಂಗಡಿ, ಹಿಂದೆ ಮನೆ, ಎರಡರ ನಡುವೆ ಒಂದು ಬಾಗಿಲು. ಜಾವಗಲ್ಲು, ಹಳೇಬೀಡು, ಮಾದಿಹಳ್ಳಿ ಕಡೆಯ ಬಸ್ಸುಗಳಿಂದ ಇಳಿದವರು ಮೊದಲು ಈ ಅಂಗಡಿಗೆ ಬಂದು ಚೀಲ ಇಟ್ಟು, ಆಮೇಲೆ ತಾಲ್ಲೂಕು ಕಚೇರಿಗೋ, ಆಸ್ಪತ್ರೆಗೋ, ಕೊಬ್ಬರಿ ಮಂಡಿಗೋ ಹೋಗುವುದು ಹಿಂದಿನಿಂದ ಬಂದ ರೂಢಿ. ರೇವಣಸಿದ್ದಪ್ಪನವರು ಬಟ್ಟೆಯ ಥಾನಿನ ಅಂಚಿನಿಂದ ಒಂದು ಪಟ್ಟಿ ಹರಿದು, ಅರ್ಧವನ್ನು ಚೀಲದ ಹಿಡಿಗೆ ಕಟ್ಟಿ, ಉಳಿದರ್ಧವನ್ನು ಚೀಲದವರ ಕೈಗೆ ಕೊಡುತ್ತಿದ್ದರು. ಹೆಂಗಸರು ಅದನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು, ಗಂಡಸರು ಜೇಬಿನಲ್ಲಿಟ್ಟು ಮರೆಯುತ್ತಿದ್ದರು. ಸಂಜೆ ಬಂದು ಪಟ್ಟಿಗೆ ಪಟ್ಟಿ ಹೊಂದಿಸಿ ಚೀಲ ತೆಗೆದುಕೊಳ್ಳುವುದು. ಇದಕ್ಕೆ ಯಾರೂ ಏನನ್ನೂ ಕೊಡಬೇಕಾಗಿರಲಿಲ್ಲ. ಆದರೆ ಚೀಲ ಎತ್ತಿಕೊಂಡು ಸುಮ್ಮನೆ ಹೊರಟುಬಿಡಲು ಯಾರಿಗೂ ಕಾಲು ಬರುತ್ತಿರಲಿಲ್ಲ. ಒಂದು ಟವೆಲ್ಲಾದರೂ, ಒಂದು ರವಿಕೆ ಕಣವಾದರೂ ಚೀಲ ಸೇರುತ್ತಿತ್ತು. ಮನೆಯಲ್ಲಿ ಮದುವೆ ಬಂದಾಗ ಜವಳಿ ತೆಗೆಯಲು ಬೇರೆ ಅಂಗಡಿ ಇದೆಯೆಂಬುದು ಆ ಜನಕ್ಕೆ ನೆನಪಾಗುತ್ತಿರಲಿಲ್ಲ.

"ಚೀಲ ಅಂದ್ರೆ ಬರೀ ಚೀಲ ಅಲ್ಲ ಕಣವ್ವ," ಎಂದು ಆ ರಾತ್ರಿ ಊಟಕ್ಕೆ ಕೂತ ರೇವಣಸಿದ್ದಪ್ಪನವರು ಮೊಮ್ಮಗಳಿಗೆ ಹೇಳಿದ್ದರು.

"ಮತ್ತೇನು ತಾತ ಅದು? ಒಳಗೆ ಈರುಳ್ಳಿ ಇರುತ್ತೆ, ಕರಿಬೇವು ಇರುತ್ತೆ. ಹೋದ್ಸಲ ಕೋಳಿ ಇತ್ತು."

"ಕೋಳಿ ಐತೆ ಅಂತ ಅವ್ನು ಹೇಳ್ನಿಲ್ಲ."

"ಮೊಟ್ಟೆ ಇಟ್ಟಾಗ ಗೊತ್ತಾಯ್ತಲ್ಲ."

ಲಿಂಗಪೂಜೆಯ ಮನೆಗೆ ಹೊಂದಿಕೊಂಡ ಅಂಗಡಿಯಲ್ಲಿ ಕೋಳಿ ಮೊಟ್ಟೆ ಇಟ್ಟ ಪ್ರಸಂಗವನ್ನು ಎತ್ತಿದರೆ ರೇವಣಸಿದ್ದಪ್ಪನವರಿಗೆ ಮಾತು ನಿಲ್ಲುತ್ತದೆಂದು ಮನೆಯವರೆಲ್ಲರಿಗೂ ಗೊತ್ತಿತ್ತು. ಅವರು ಮುದ್ದೆ ಮುರಿದು ಸಾರಿಗೆ ಅದ್ದಿದರು.

ಇಂದ್ರೇಶ್ ತಂದೆಯ ಮುಖ ನೋಡದೆ ಹೇಳಿದ. "ಅಪ್ಪ, ಬೀದಿ ಇಷ್ಟು ಚೆಂದ ಆಗೈತೆ. ಕಲ್ಲು ಹಾಸವ್ರೆ, ದೀಪ ಹಾಕವ್ರೆ. ನಾವು ಮಾತ್ರ ಬಾಗಿಲಲ್ಲಿ ಗೋಣಿಚೀಲ ಪೇರಿಸ್ಕೊಂಡು ಕೂತ್ರೆ ಸಂಘದೋರು ಏನಂತಾರೆ?"

ಸಂಘ ಎಂದರೆ ಪೇಟೆಬೀದಿಯ ವರ್ತಕರ ಸಂಘ. ಅದರ ಅಧ್ಯಕ್ಷ ಪಾತ್ರೆ ಅಂಗಡಿಯ ದೇವೀರಪ್ಪ. ಬೀದಿ ಸುಧಾರಣೆಯ ಯೋಜನೆ ಬಂದಾಗ, ಬೀದಿಗೆ ಏನೇನು ಬೇಕೆಂದು ಯೋಜನೆಯವರು ಸಂಘವನ್ನು ಕೇಳಿದ್ದರು. ಸಂಘ ಯೋಚಿಸಿ, ಏನೇನು ಬೇಡವೆಂದು ತಿಳಿಸಿತ್ತು. ಹೂ ಮಾರುವವರು ಬೇಡ, ಸೀಬೆಹಣ್ಣಿನ ಗಾಡಿ ಬೇಡ, ಆಟೋ ಬೇಡ, ಅಂಗಡಿ ಮುಂದಿನ ಜಗಲಿಗಳ ಮೇಲೆ ಕೂತು ಕಡ್ಲೇಕಾಯಿ ಸಿಪ್ಪೆ ಉದುರಿಸುವವರು ಬೇಡ. ಕೇಳಿದ್ದನ್ನೆಲ್ಲ ಯೋಜನೆಯವರು ಮಾಡಿಕೊಟ್ಟರು. ಜಗಲಿಗಳನ್ನು ಕಿತ್ತರು. ಬೀದಿಯ ಎರಡೂ ಬಾಯಿಗೆ ಕಬ್ಬಿಣದ ಗೂಟಗಳನ್ನು ನೆಟ್ಟರು. ನೆರಳು ಕೊಡುತ್ತಿದ್ದ ಹೊಂಗೆಮರ ಇದ್ದ ಕಡೆ ಹಳೇಬೀಡಿನ ದೇವಸ್ಥಾನದ ನೆನಪಿಗೆಂದು ನಕ್ಷತ್ರದಾಕಾರದ ಕಲ್ಲಿನ ಆಸನ ಇಟ್ಟರು. ಉದ್ಘಾಟನೆಯ ಮಾರನೆಯ ದಿನ ಬೀದಿ, ಮದುವೆ ಮುಗಿದು ನೆಂಟರೆಲ್ಲ ಹೊರಟುಹೋದ ಛತ್ರದಷ್ಟು ಚೊಕ್ಕಟವಾಗಿತ್ತು.

"ದ್ರಾಕ್ಷಾಯಣಿ, ನೀನೇನಂತೀಯ?" ಎಂದು ರೇವಣಸಿದ್ದಪ್ಪನವರು ಸೊಸೆಯ ಕಡೆ ತಿರುಗಿದರು. ಅವಳು ತಮ್ಮ ಪರ ನಿಲ್ಲುತ್ತಾಳೆಂದು ಅವರು ನಂಬಿದ್ದರು. ಅವಳು ಜಾವಗಲ್ಲಿನ ಹುಡುಗಿ. ಚೀಲ ಇಡಲು ಬಂದ ಅವಳ ತಂದೆಯ ಜೊತೆ ಇದೇ ಬೆಂಚಿನ ಮೇಲೆ ಕೂತು ಮಾತಾಡಿಯೇ ಅವರು ಈ ಸಂಬಂಧ ಬೆಳೆಸಿದ್ದು.

ದ್ರಾಕ್ಷಾಯಣಿ ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಮದುವೆಯಾಗಿ ಬಂದ ದಿನದಿಂದ ಅವಳು ಆ ನಡುಬಾಗಿಲಿಗೆ ಹಗಲು ಹೊತ್ತಿನಲ್ಲಿ ಚಿಲಕ ಹಾಕಿದವಳಲ್ಲ. ಅಮ್ಮಾರೇ ಒಂದು ಚೊಂಬು ನೀರು ಎಂದು ಒಬ್ಬಳು, ಮಗೀಗೆ ಹಾಲು ಕುಡಿಸ್ಬೇಕು ಒಂದು ಚಣ ಒಳಗೆ ಕೂರ್ಲಾ ಎಂದು ಇನ್ನೊಬ್ಬಳು, ಏನನ್ನೂ ಕೇಳದೆ ನೇರವಾಗಿ ಬಚ್ಚಲಿಗೆ ನಡೆಯುವವಳು ಮತ್ತೊಬ್ಬಳು.

"ನಂಗೆ ಆ ಬಾಗ್ಲಿಗೆ ಚಿಲಕ ಹಾಕ್ಕೊಂಡು ಮಧ್ಯಾಹ್ನ ಒಂದು ಗಳಿಗೆ ಮಲಗಬೇಕು ಮಾವ. ಅಷ್ಟೇ," ಎಂದಳು.

ಚರ್ಚೆ ಅಲ್ಲಿಗೆ ಮುಗಿಯಿತು. ರೇವಣಸಿದ್ದಪ್ಪನವರು ಆ ರಾತ್ರಿ ಮಜ್ಜಿಗೆ ಅನ್ನ ಬೇಡವೆಂದರು.

ಆಷಾಢ ಹೇಗಿದ್ದರೂ ಜವಳಿ ವ್ಯಾಪಾರಕ್ಕೆ ಬಿಡುವಿನ ತಿಂಗಳು. ಆ ತಿಂಗಳಲ್ಲೇ ಅಂಗಡಿಯ ರೂಪ ಬದಲಾಯಿತು. ಹಾಸನದಲ್ಲಿ ವಾಣಿಜ್ಯಶಾಸ್ತ್ರ ಓದಿ ಬಂದಿದ್ದ ಮೇಘಶ್ರೀ ಮುಂದೆ ನಿಂತು ಎಲ್ಲವನ್ನೂ ಮಾಡಿಸಿದಳು. ಗಾಜಿನ ಬಾಗಿಲು ಬಂತು, ಏಸಿ ಬಂತು, ಬಿಳೀ ನೆಲ ಬಂತು. ಗಿರಾಕಿಗಳು ಚಪ್ಪಲಿ ಬಿಟ್ಟು ಹತ್ತಿ ಕೂರುತ್ತಿದ್ದ ಗಾದಿ ಹೋಗಿ ಆರು ಕುರ್ಚಿ ಬಂದವು. ನಡುಬಾಗಿಲು ಇದ್ದ ಕಡೆ ಗೋಡೆಯಗಲದ ಕನ್ನಡಿ ನಿಲ್ಲಿಸಿದರು. ಅಂಗಡಿ ಎರಡರಷ್ಟು ದೊಡ್ಡದಾಗಿ ಕಾಣುತ್ತದೆಂದು ಮೇಘಶ್ರೀ ಹೇಳಿದ್ದು ನಿಜವೇ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿ ಎರಡರಷ್ಟು ಖಾಲಿಯಾಗಿ ಕಾಣುತ್ತದೆಂಬುದು ಆಮೇಲೆ ತಿಳಿಯಿತು.

ಬೆಂಚು ಹಿತ್ತಿಲು ಸೇರಿತು. ದ್ರಾಕ್ಷಾಯಣಿ ಅದರ ಮೇಲೆ ಮೆಣಸಿನಕಾಯಿ ಒಣಗಿಸಿದಳು.

ಅಂಗಡಿಯಲ್ಲಿ ಥಾನು ಎತ್ತಿಡುತ್ತ, ಚೀಲ ಕಾಯುತ್ತ ಇದ್ದ ಇಂದುಧರ ಎಂಬ ನಡುವಯಸ್ಸಿನ ಆಳು ಒಂದು ವಾರ ಗಾಜಿನ ಬಾಗಿಲು ಒರೆಸಿದ. ಆಮೇಲೆ ಬಂದು ಇಂದ್ರೇಶನ ಮುಂದೆ ನಿಂತ.

"ಅಣ್ಣಾರೇ, ಬಸ್ ಸ್ಟ್ಯಾಂಡ್ ಹತ್ರ ಹೊಸ ಜವಳಿ ಮಳಿಗೆ ಆಗೈತಲ್ಲ. ಅಲ್ಲಿ ಕರೀತಾವ್ರೆ. ಯೂನಿಫಾರಂ ಕೊಡ್ತಾರಂತೆ, ಟೈನೂ ಐತಂತೆ."

"ನೀನು ಟೈ ಕಟ್ಟೀಯೇನ್ಲಾ?"

"ಕಟ್ಟಿ ಕಳಿಸ್ತಾರಂತೆ. ಕುತ್ತಿಗೆಗೆ ಸಿಗಿಸ್ಕಳದು."

"ಹೋಗು. ಇಲ್ಲಿ ಇನ್ನೇನೈತೆ ಕೆಲ್ಸ," ಎಂದ ಇಂದ್ರೇಶ್. ಆಳಿನ ಸಂಬಳ ಉಳಿಯಿತೆಂದು ರಾತ್ರಿ ಊಟದ ಹೊತ್ತಿಗೆ ಮನೆಯವರು ಸಂತೋಷಪಟ್ಟರು.

ದ್ರಾಕ್ಷಾಯಣಿ ಮಧ್ಯಾಹ್ನ ಮಲಗಿದಳು. ಮೊದಮೊದಲು ನಿದ್ದೆ ಬರಲಿಲ್ಲ. ಯಾರೋ ನೀರು ಕೇಳಿದಂತಾಗಿ ಏಳುತ್ತಿದ್ದಳು. ಆಮೇಲೆ ನಿದ್ದೆ ಬಂತು. ಏಳುವ ಹೊತ್ತಿಗೆ ತಲೆ ಭಾರವಾಗಿರುತ್ತಿತ್ತು. ಕನ್ನಡಿಯ ಹಿಂದಿನಿಂದ ಏಸಿಯ ಗುಂಯ್ ಎಂಬ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಗಂಡನಿಗೆ ಕಾಫಿ ಕೊಡಲು ಈಗ ಅವಳು ಹಿತ್ತಿಲ ಬಾಗಿಲಿನಿಂದ ಹೊರಟು, ಓಣಿ ಸುತ್ತಿ, ಬೀದಿಗೆ ಬಂದು, ಗಿರಾಕಿಯಂತೆ ಮುಂಬಾಗಿಲಿನಿಂದ ಒಳಗೆ ಹೋಗಬೇಕಿತ್ತು. ಹೋಗುವಷ್ಟರಲ್ಲಿ ಕಾಫಿ ಆರುತ್ತಿತ್ತು. ಒಳಗೆ ಏಸಿ ಇದ್ದುದರಿಂದ ಇನ್ನಷ್ಟು ಆರುತ್ತಿತ್ತು.

ಶ್ರಾವಣ ಬಂತು. ಗೌರಿ ಹಬ್ಬವೂ ಬಂದು ಹೋಯಿತು. ಹಬ್ಬದ ಹಿಂದಿನ ದಿನ ಬೀದಿಯಲ್ಲಿ ಜನ ನಡೆದಾಡಿದರು. ಬಂದವರು ದೀಪದ ಕಂಬದ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು, ಒಂದು ಬಾಯಿಯಲ್ಲಿ ಹೊಕ್ಕು ಇನ್ನೊಂದು ಬಾಯಿಯಲ್ಲಿ ಹೊರಬಿದ್ದರು. ನಕ್ಷತ್ರದಾಕಾರದ ಕಲ್ಲು ಹಗಲೆಲ್ಲ ಕಾದ ಹೆಂಚಿನಂತಿರುತ್ತಿತ್ತು. ಸಂಜೆ ತಣ್ಣಗಾದ ಮೇಲೆ ಅದರ ಮೇಲೆ ನಾಯಿಗಳು ಮಲಗುತ್ತಿದ್ದವು.

ಗಿರಾಕಿ ಯಾಕೆ ಬರುತ್ತಿಲ್ಲ ಎಂಬುದಕ್ಕೆ ಮನೆಯಲ್ಲಿ ಹೊತ್ತಿಗೊಂದು ಕಾರಣ ಸಿಗುತ್ತಿತ್ತು. ಬೆಳಗಿನ ಅಕ್ಕಿರೊಟ್ಟಿಯ ಹೊತ್ತಿಗೆ ಇಂದ್ರೇಶ್, "ಗಾಡಿ ನಿಲ್ಸಕ್ಕೆ ಜಾಗ ಇಲ್ವಲ್ಲ, ಯಾರು ನಡ್ಕೊಂಡು ಬರ್ತಾರೆ," ಎನ್ನುತ್ತಿದ್ದ.

"ಗಾಡಿ ಬೇಡ ಅಂತ ಬರ್ಕೊಟ್ಟೋರು ಯಾರು? ನೀನೂ ರುಜು ಹಾಕಿದ್ದೆ," ಎನ್ನುತ್ತಿದ್ದರು ರೇವಣಸಿದ್ದಪ್ಪ.

"ಎಲ್ಲಾರೂ ಹಾಕಿದ್ರು."

"ಎಲ್ಲಾರ ಅಂಗ್ಡೀನೂ ಹಂಗೇ ಐತೆ."

ಮೇಘಶ್ರೀಯ ಪ್ರಕಾರ ದೋಷ ಗೊಂಬೆಗಳದ್ದು. "ಇನ್ನೂ ನಾಲ್ಕು ಗೊಂಬೆ ಬೇಕು ಪಪ್ಪ, ಒಳ್ಳೇ ಫಿನಿಶಿಂಗ್ ಇರೋದು. ನಮ್ಮ ಗೊಂಬೆ ಮೂಗೇ ಸರಿ ಇಲ್ಲ."

"ಗೊಂಬೆ ಮೂಗು ನೋಡಿ ಸೀರೆ ತಗೋತಾರಾ?" ಎಂದು ದ್ರಾಕ್ಷಾಯಣಿ ಕೇಳಿದಳು.

"ನಿಂಗೆ ಗೊತ್ತಾಗಲ್ಲ ಮಮ್ಮಿ. ನೀನು ಅಂಗಡಿಗೆ ಬರೋದೇ ಕಾಫಿ ಕೊಡೋಕೆ."

"ಸುತ್ಕೊಂಡು ಬರ್ತೀನಲ್ಲ, ದಾರೀಲಿ ಎಲ್ಲಾ ಕಾಣ್ಸುತ್ತೆ."

ದಾರಿಯಲ್ಲಿ ಅವಳಿಗೆ ಮುಖ್ಯವಾಗಿ ಕಾಣುತ್ತಿದ್ದವರು ಮಾವ. ಅವರಿಗೆ ಅಂಗಡಿಯೊಳಗೆ ಈಗ ಕೂರುವ ಜಾಗವಿರಲಿಲ್ಲ. ಕುರ್ಚಿಗಳು ಗಿರಾಕಿಗಳಿಗೆ ಮೀಸಲು, ಏಸಿ ಅವರ ಮಂಡಿಗೆ ಆಗದು. ಪ್ಲಾಸ್ಟಿಕ್ ಕುರ್ಚಿಯೊಂದನ್ನು ಬಾಗಿಲ ಹೊರಗೆ ಹಾಕಿಕೊಂಡಿದ್ದರು, ಕಾಲುದಾರಿಯ ಮೇಲೆ ಏನನ್ನೂ ಇಡಬಾರದೆಂದು ದೇವೀರಪ್ಪನೇ ಬಂದು ಎತ್ತಿಸಿದ. ಆಮೇಲಿನಿಂದ ರೇವಣಸಿದ್ದಪ್ಪನವರು ಒಂದು ಟವೆಲನ್ನು ನಾಲ್ಕು ಮಡಿಕೆ ಮಾಡಿ ಆ ನಕ್ಷತ್ರದ ಕಲ್ಲಿನ ಮೇಲೆ ಹಾಕಿಕೊಂಡು ಕೂರತೊಡಗಿದರು. ಜೇಬಿನಲ್ಲಿ ಬಣ್ಣಬಣ್ಣದ ಪಟ್ಟಿಗಳಿದ್ದವು. ಪರಿಚಯದ ಮುಖ ಕಂಡರೆ, "ಏನ್ಲಾ, ಚೀಲ ಇಡ್ತೀಯಾ?" ಎಂದು ಕೇಳುತ್ತಿದ್ದರು.

"ಇಲ್ಲ ಕಣಜ್ಜ, ಬಸ್ ಸ್ಟ್ಯಾಂಡ್ ತಾವೇ ಇಟ್ ಬಂದೆ," ಎನ್ನುತ್ತಿದ್ದರು ಬಂದವರು.

"ಎಲ್ಲಿ?"

"ಅದೇ ಹೊಸ ಮಳಿಗೆ. ಇಟ್ಕೋತಾರೆ."

ಮೇಘಶ್ರೀಗೆ ಇದು ಅವಮಾನದ ವಿಷಯವಾಗಿತ್ತು. "ತಾತನ್ನ ಒಳಗೆ ಕರ್ಕೋ ಮಮ್ಮಿ. ಎಲ್ಲಾರೂ ನೋಡ್ತಾರೆ," ಎಂದಳು.

"ನೋಡೋರು ಯಾರವ್ರೆ ಬೀದೀಲಿ?" ಎಂದಳು ದ್ರಾಕ್ಷಾಯಣಿ. ವ್ಯಂಗ್ಯಕ್ಕಲ್ಲ, ನಿಜವಾಗಿಯೇ ಕೇಳಿದ್ದಳು.

ಆ ದಿನಗಳಲ್ಲೇ ಬ್ಯಾಂಕೊಂದರ ಪರವಾಗಿ ಒಬ್ಬ ದಲ್ಲಾಳಿ ಬಂದು, ಅಂಗಡಿಯ ಮುಂಭಾಗವನ್ನು ಎಟಿಎಂಗೆ ಕೊಡುತ್ತೀರಾ ಎಂದು ಕೇಳಿದ. ಹಾಗೆ ಕೊಟ್ಟರೆ ಉಳಿಯುವ ಹಿಂಭಾಗದಲ್ಲಿ ಜವಳಿ ಅಂಗಡಿ ನಡೆಸಲಾಗದು. ಕಪಾಟುಗಳನ್ನು ಇಡಬಹುದು, ಜನರನ್ನು ನಿಲ್ಲಿಸಲಾಗದು. ಇಂದ್ರೇಶ್ ಆಗದು ಎನ್ನಲಿಲ್ಲ. ಯೋಚಿಸುತ್ತೇನೆಂದ. ಆ ರಾತ್ರಿ ರೇವಣಸಿದ್ದಪ್ಪನವರು ಎರಡು ಸಲ ಕೈತೊಳೆದರು. ಊಟಕ್ಕೆ ಮುಂಚೆ ಒಮ್ಮೆ, ಮುಗಿಯುವ ಮುಂಚೆಯೇ ಇನ್ನೊಮ್ಮೆ.

ಈ ಹೊತ್ತಿಗೆ ಸರಿಯಾಗಿ ಜಾವಗಲ್ಲಿನಿಂದ ದ್ರಾಕ್ಷಾಯಣಿಯ ತಮ್ಮ ಚನ್ನೇಶ್ ಬಂದ. ಅವನ ಮಗಳು ಅಕ್ಷತಾಳಿಗೆ ಹಳೇಬೀಡಿನ ಕಡೆ ಗಂಡು ಗೊತ್ತಾಗಿತ್ತು. ತೆಂಗಿನ ತೋಟದ ಅನುಕೂಲಸ್ಥರು. ಹುಡುಗನ ತಾಯಿ ಕಮಲಾಕ್ಷಮ್ಮ ಮನೆಯ ಯಜಮಾನಿ, ಅವರ ಮಾತಿಗೆ ಎರಡಿಲ್ಲ.

"ಭಾವ, ವಿಜಯದಶಮಿ ಆದ ಮೇಲೆ ಜವಳಿ ತೆಗೆಯೋದು ಅಂತ ಆಗೈತೆ. ಎರಡೂ ಕಡೆಯೋರು ಸೇರಿ ಒಂದು ವ್ಯಾನ್ ಜನ ಬತ್ತೀವಿ. ನಮ್ಮ ಅಂಗಡೀಲೇ ಅಂತ ಬೀಗರಿಗೆ ಹೇಳಿದೀನಿ," ಎಂದ ಚನ್ನೇಶ್ ಉಪ್ಪಿಟ್ಟು ತಿನ್ನುತ್ತ.

ಇಂದ್ರೇಶ್ ದಲ್ಲಾಳಿಗೆ ಫೋನು ಮಾಡಿ, "ನಮ್ಮದೊಂದು ಮದುವೆ ಜವಳಿ ಐತೆ, ಅದು ಆಗ್ಲಿ, ಆಮೇಲೆ ಮಾತಾಡಾನ," ಎಂದ. ಊಟದ ಮನೆಯಲ್ಲಿ ಮೊದಲ ಬಾರಿಗೆ ಯಾರೂ ಕಾರಣ ಹುಡುಕಲಿಲ್ಲ. ಹಳೇಬೀಡಿನ ಈ ಜನ ಒಮ್ಮೆ ಇಲ್ಲಿ ಜವಳಿ ತೆಗೆದರೆ ಅವರ ನೆಂಟರಿಷ್ಟರೆಲ್ಲ ಮತ್ತೆ ಈ ಬೀದಿಗೆ ಬರುತ್ತಾರೆ, ಅಂಗಡಿ ಉಳಿಯುತ್ತದೆ, ಎಟಿಎಮ್ಮಿನವನು ಬೇರೆ ಗೋಡೆ ಹುಡುಕಿಕೊಳ್ಳುತ್ತಾನೆ ಎಂದು ಇಂದ್ರೇಶ್ ಹೇಳಿದ. ಕಂಚಿಯಿಂದ, ಧರ್ಮಾವರದಿಂದ ಹೊಸ ಮಾಲು ತರಿಸಿದ. ಮೇಘಶ್ರೀ ಗೊಂಬೆಗಳ ಮೂಗಿಗೆ ನತ್ತು ಅಂಟಿಸಿದಳು. ರೇವಣಸಿದ್ದಪ್ಪನವರು ಒಂದೇ ಒಂದು ಮಾತು ಕೇಳಿದರು.

"ವ್ಯಾನಿನ ತುಂಬ ಜನ ಅಂದ್ರೆ ಚೀಲ ಇರ್ತಾವಲ್ಲ. ಎಲ್ಲಿ ಇಡಿಸ್ತೀಯ?"

"ಒಂದಿನದ್ದು ಅಪ್ಪ. ಏನಾರ ಮಾಡಾನ," ಎಂದ ಇಂದ್ರೇಶ್.

ಜವಳಿಯ ದಿನ ಬಿಸಿಲು ಚುರುಗುಟ್ಟುತ್ತಿತ್ತು. ವ್ಯಾನು ಬೀದಿಯ ಬಾಯಿಯ ಕಬ್ಬಿಣದ ಗೂಟದ ಮುಂದೆ ನಿಂತಿತು. ಅಲ್ಲಿ ನಿಲ್ಲಿಸುವಂತಿಲ್ಲವೆಂದು ಹಿಂದಿನಿಂದ ಬಸ್ಸು ಕೂಗಿದ್ದರಿಂದ, ಡ್ರೈವರ್ ಜನರನ್ನೂ ಸಾಮಾನನ್ನೂ ಒಟ್ಟಿಗೆ ಇಳಿಸಿ ಹೊರಟುಹೋದ. ಎಲೆಯಡಿಕೆ ತಟ್ಟೆ, ಹೂವಿನ ಬುಟ್ಟಿ, ನೀರಿನ ಕ್ಯಾನು, ಮಕ್ಕಳ ಬಟ್ಟೆಯ ಚೀಲಗಳು, ಬೀಗರ ಮನೆಗೆಂದು ಕಮಲಾಕ್ಷಮ್ಮ ತಂದಿದ್ದ ಒಂದು ಮೂಟೆ ತೆಂಗಿನಕಾಯಿ. ಇದನ್ನೆಲ್ಲ ಹೊತ್ತುಕೊಂಡು ಮೆರವಣಿಗೆ ಅಂಗಡಿಯವರೆಗೆ ಬಂತು. ಮಂಡಿನೋವಿನ ಕಮಲಾಕ್ಷಮ್ಮ ಎಲ್ಲರಿಗಿಂತ ಹಿಂದಿದ್ದರು. ದಾರಿಯಲ್ಲಿ ಕಲ್ಲಿನ ಆಸನ ಕಂಡು ಸಂತೋಷದಿಂದ ಕೂತು, ಕೂತಷ್ಟೇ ಬೇಗ ಎದ್ದರು.

ಅಂಗಡಿಯ ಬಾಗಿಲಲ್ಲಿ ಮೇಘಶ್ರೀ ಕೈಮುಗಿದು ನಿಂತಿದ್ದಳು. "ಬನ್ನಿ ಆಂಟಿ, ಬನ್ನಿ. ಲಗೇಜೆಲ್ಲ ಇಲ್ಲೇ ಹೊರಗಡೆ ಇಟ್ಬಿಡಿ, ಏನೂ ಆಗಲ್ಲ. ಕ್ಯಾಮೆರಾ ಇದೆ."

"ಕ್ಯಾಮೆರಾ ನೋಡ್ತದೆ ಕಣವ್ವ. ನಾಯಿ ಬಂದ್ರೆ ಓಡಿಸ್ತದಾ?" ಎಂದರು ಕಮಲಾಕ್ಷಮ್ಮ.

ಗಂಡಸರಿಬ್ಬರು ಹೊರಗೆ ಚೀಲ ಕಾಯಲು ನಿಂತರು. ಒಳಗೆ ಆರು ಜನ ಕೂತರು, ಉಳಿದವರು ನಿಂತರು. ಬಾಗಿಲು ತೆಗೆದಾಗಲೆಲ್ಲ ತಂಪು ಹೊರಗೆ ಹೋಗುತ್ತದೆಂದು ಇಂದ್ರೇಶ್ ಎದ್ದು ಹೋಗಿ ಹಾಕಿ ಬರುತ್ತಿದ್ದ. ಮೊದಲ ಥಾನು ಬಿಚ್ಚುವ ಮುಂಚೆಯೇ ಕಮಲಾಕ್ಷಮ್ಮನವರ ತಂಗಿ ಹತ್ತಿರ ಬಂದು ದ್ರಾಕ್ಷಾಯಣಿಯ ಕಿವಿಯಲ್ಲಿ, "ಬೆಳಿಗ್ಗೆ ಹೊರಟಿದ್ದು. ಒಂದಿಷ್ಟು ಬಚ್ಚಲಿಗೆ ಹೋಗ್ಬೇಕಿತ್ತು," ಎಂದರು. ಅವರ ಹಿಂದೆ ಇನ್ನೂ ಮೂವರು ಹೆಂಗಸರು ಇದೇ ಮುಖ ಮಾಡಿಕೊಂಡು ನಿಂತಿದ್ದರು.

ದ್ರಾಕ್ಷಾಯಣಿಯ ಕಾಲು ಅಭ್ಯಾಸಬಲದಿಂದ ಹಿಂದಕ್ಕೆ ತಿರುಗಿತು. ಎದುರಿಗೆ ಕನ್ನಡಿಯಲ್ಲಿ ಅವಳೇ ಇದ್ದಳು, ಹಿಂದೆ ನಾಲ್ವರು ಹೆಂಗಸರು.

"ಈ ಕಡೆ ಬನ್ನಿ. ಸುತ್ಕೊಂಡು ಹೋಗಾನ," ಎಂದು ಬೀದಿಗೆ ಕರೆದುಕೊಂಡು ಬಂದಳು. ಓಣಿಯಲ್ಲಿ ಚರಂಡಿ ದಾಟಿಸಿ, ಹಿತ್ತಿಲ ಬಾಗಿಲು ತೆಗೆದು, ಒಬ್ಬೊಬ್ಬರಾಗಿ ಕಳಿಸಿದಳು. ತಾನು ಆಮೇಲೆ ಬಂದರಾಯಿತೆಂದು ಅವರನ್ನು ಮುಂದೆ ಹೋಗಲು ಹೇಳಿ, ಒಲೆಯ ಮೇಲಿದ್ದ ಕಾಫಿಯನ್ನು ದೊಡ್ಡ ಪಾತ್ರೆಗೆ ಬಗ್ಗಿಸಿ, ಒಗ್ಗರಣೆ ಅವಲಕ್ಕಿಯನ್ನು ಬೋಸಿಯಲ್ಲಿ ಹಾಕಿಕೊಂಡು, ಎರಡು ಕೈಯಲ್ಲಿ ಎರಡನ್ನು ಹಿಡಿದು ಓಣಿ ಸುತ್ತಿ ಬಂದಳು.

ಅಂಗಡಿಯಲ್ಲಿ ಇಂದ್ರೇಶ್ ಒಬ್ಬನೇ ಕೂತು ಸೀರೆಯೊಂದನ್ನು ಮಡಿಸುತ್ತಿದ್ದ. ಬೇರೆ ಸೀರೆಗಳನ್ನು ಬಿಚ್ಚಿರಲೇ ಇಲ್ಲ. ಹೊರಗೆ ಚೀಲಗಳಿರಲಿಲ್ಲ. ಚನ್ನೇಶ್ ಗಾಜಿನ ಬಾಗಿಲಿನ ಹತ್ತಿರ ಚಪ್ಪಲಿ ಹುಡುಕುವವನಂತೆ ತಲೆ ತಗ್ಗಿಸಿ ನಿಂತಿದ್ದ.

"ಅಕ್ಕ, ಕಮಲಾಕ್ಷಮ್ಮನೋರ ತಮ್ಮ ವ್ಯಾನಿನ ಜೊತೆ ಬಸ್ ಸ್ಟ್ಯಾಂಡ್ ಕಡೆ ಹೋಗಿದ್ದ. ಅಲ್ಲೊಂದು ಮಳಿಗೆ ಐತಂತೆ, ವ್ಯಾನೂ ನಿಲ್ತದಂತೆ, ಸಾಮಾನೂ ಇಟ್ಕೋತಾರಂತೆ. ಫೋನ್ ಮಾಡ್ದ. ಸುಮ್ನೆ ನೋಡ್ಕೊಂಡು ಬರಾನ ಅಂತ ಹೋದ್ರು."

"ಮೇಘಾ ಎಲ್ಲಿ?"

"ಒಳಗವಳೆ, ಟ್ರಯಲ್ ರೂಮಲ್ಲಿ. ಬಾಗ್ಲು ತೆಗೀತಿಲ್ಲ."

ದ್ರಾಕ್ಷಾಯಣಿ ಕಾಫಿ ಪಾತ್ರೆಯನ್ನು ಗಲ್ಲಾದ ಮೇಲಿಟ್ಟಳು. ಚನ್ನೇಶ್ ಇನ್ನೂ ನಿಂತೇ ಇದ್ದ.

"ನೀನೂ ಬರಬೇಕಲ್ಲ ಅಕ್ಕ. ಸೋದರತ್ತೆ ಕುಂಕುಮ ಇಡದೆ ಮೊದಲ ಸೀರೆ ತೆಗೆಯೋ ಹಂಗಿಲ್ಲ. ಹುಡುಗಿ ಕಾಯ್ತಾವಳೆ."

ಅವಳು ಗಂಡನ ಕಡೆ ನೋಡಿದಳು. ಇಂದ್ರೇಶ್ ಸೀರೆಯ ಮಡಿಕೆಯನ್ನು ಅಂಗೈಯಿಂದ ಒತ್ತಿ ಸರಿಮಾಡಿದ. ಮಡಿಕೆ ಸರಿಯಾಗಿಯೇ ಇತ್ತು.

"ಹೋಗು," ಎಂದ. "ಮಗಿಗೆ ಕೆಟ್ಟದಾಗಬಾರ್ದು."

ಬಸ್ ಸ್ಟ್ಯಾಂಡ್ ಹತ್ತಿರದ ಮಳಿಗೆಯ ನೆಲದ ಮೇಲೆ ಉದ್ದಕ್ಕೂ ಹಾಸು ಹಾಸಿದ್ದರು. ಬೀಗರೆಲ್ಲ ಕಾಲು ಚಾಚಿ ಕೂತಿದ್ದರು, ಒಂದು ಮಗು ದಿಂಬಿನ ಮೇಲೆ ಮಲಗಿತ್ತು, ಕಮಲಾಕ್ಷಮ್ಮ ಮಂಡಿ ನೀವಿಕೊಳ್ಳುತ್ತ ನೀರು ಕುಡಿಯುತ್ತಿದ್ದರು. ಬಾಗಿಲಲ್ಲಿ ಕೆಂಪು ಟೈ ಸಿಗಿಸಿಕೊಂಡ ಇಂದುಧರ ನಿಂತಿದ್ದ. ಅವನ ಬೆನ್ನ ಹಿಂದೆ ಒಂದು ಬೆಂಚು, ಬೆಂಚಿನ ಕೆಳಗೆ ತೆಂಗಿನಕಾಯಿ ಮೂಟೆ. ದ್ರಾಕ್ಷಾಯಣಿಯನ್ನು ಕಂಡು ಟೈ ಸರಿಮಾಡಿಕೊಂಡ. ಬಂದವರಿಗೆಲ್ಲ ಹೇಳುವುದನ್ನೇ ಹೇಳಿದ.

"ಚೀಲ ಕೊಡಿ ಅಮ್ಮಾರೇ."

ಅವಳ ಕೈಯಲ್ಲಿ ಇದ್ದದ್ದು ಕುಂಕುಮದ ಭರಣಿಯ ಸಣ್ಣ ಚೀಲ. ಭರಣಿ ತೆಗೆದುಕೊಂಡು ಖಾಲಿ ಚೀಲವನ್ನು ಕೊಟ್ಟಳು. ಇಂದುಧರ ಹಳದಿ ಪಟ್ಟಿಯೊಂದನ್ನು ಹರಿದು, ಅರ್ಧ ಚೀಲಕ್ಕೆ ಕಟ್ಟಿ, ಅರ್ಧ ಅವಳಿಗೆ ಕೊಟ್ಟ. ಅವಳು ಅದನ್ನು ಬೆರಳಿಗೆ ಸುತ್ತಿಕೊಂಡಳು.

"ಬಾ ಅತ್ತೆ, ಇಲ್ಲಿ ಕೂತ್ಕೋ," ಎಂದು ಅಕ್ಷತಾ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ನವಿಲುಗತ್ತಿನ ಬಣ್ಣದ ಸೀರೆಯೊಂದನ್ನು ಆಗಲೇ ಆರಿಸಿಟ್ಟಿದ್ದರು. ದ್ರಾಕ್ಷಾಯಣಿ ಕುಂಕುಮ ಇಟ್ಟಳು. ಜವಳಿಯವರ ಮನೆಯ ಸೊಸೆಯಾದ್ದರಿಂದ ಸೆರಗನ್ನು ತಿರುಗಿಸಿ ಹಿಂಬದಿಯ ನೂಲನ್ನು ಉಗುರಿನಲ್ಲಿ ಸವರಿಯೂ ನೋಡಿದಳು.

"ಹೆಂಗೈತೆ? ನೀವು ತಿಳಿದೋರು, ಹೇಳಿ," ಎಂದರು ಕಮಲಾಕ್ಷಮ್ಮ.

"ಚೆನ್ನಾಗೈತೆ," ಎಂದಳು ದ್ರಾಕ್ಷಾಯಣಿ. ಚೆನ್ನಾಗಿಯೇ ಇತ್ತು. ಸೋದರತ್ತೆಯ ಉಡುಗೊರೆಯೆಂದು ಅವಳಿಗೂ ಒಂದು ಸೀರೆ ತೆಗೆದರು.

ಆ ರಾತ್ರಿ ಊಟಕ್ಕೆ ಮಧ್ಯಾಹ್ನದ ಅವಲಕ್ಕಿಯೇ ಇತ್ತು. ಒಂದು ವ್ಯಾನ್ ಜನಕ್ಕೆ ಮಾಡಿದ್ದು ನಾಲ್ವರಿಗೆ ಉಳಿದಿತ್ತು. ಮಳಿಗೆಯ ಹೆಸರು ದಪ್ಪಕ್ಷರದಲ್ಲಿದ್ದ ಕವರು ಗೋಡೆಯ ಗೂಡಿನ ಪಕ್ಕದಲ್ಲಿತ್ತು. ಅದನ್ನು ಎತ್ತಿಡಲು ಯಾರಿಗೂ ಮನಸ್ಸಾಗಲಿಲ್ಲ.

"ನೀನು ಅಲ್ಲಿ ಹೋಗಿ ಕೂತ್ಕೊಂಡೆಯಾ ಮಮ್ಮಿ?" ಎಂದು ಕಣ್ಣು ಊದಿದ್ದ ಮೇಘಶ್ರೀ ಕೇಳಿದಳು.

"ಹೂಂ."

"ಹೆಂಗೆ ಕೂತೆ ನೀನು?"

"ಚಕ್ಕಂಬಕ್ಕಳ ಹಾಕ್ಕೊಂಡು."

ಇಂದ್ರೇಶ್ ಅವಲಕ್ಕಿಯಲ್ಲಿನ ಮೆಣಸಿನಕಾಯಿಗಳನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗೆ ಇಟ್ಟ. ರೇವಣಸಿದ್ದಪ್ಪನವರ ಕಣ್ಣು ಸೊಸೆಯ ಬೆರಳಿನ ಮೇಲಿತ್ತು. ಅವಳು ಪಟ್ಟಿಯನ್ನು ಬಿಚ್ಚಲು ಮರೆತಿದ್ದಳು. ಚೀಲವೂ ಅಲ್ಲೇ ಉಳಿದಿತ್ತು.

"ಇಂದುಧರ ಕೊಟ್ಟಿದ್ದಾ?"

"ಹೂಂ ಮಾವ."

"ಗಂಟು ಸರಿಯಾಗಿ ಹಾಕಿದ್ನಾ?"

"ಹಾಕ್ದ."

"ಸರಿ ಬಿಡು," ಎಂದು ಅವರು ಮಜ್ಜಿಗೆ ಕೇಳಿದರು.

ದ್ರಾಕ್ಷಾಯಣಿ ಬಡಿಸಿ, ಸೌಟನ್ನು ಪಾತ್ರೆಯಲ್ಲೇ ಬಿಟ್ಟು, "ಕನ್ನಡಿ ತೆಗೆಸ್ರಿ. ಚೀಲ ಇಟ್ಕೊಳಾನ," ಎಂದಳು.

"ನೀನೇ ತಾನೇ ಮಲಗಬೇಕು ಅಂದಿದ್ದು?" ಎಂದ ಇಂದ್ರೇಶ್.

"ಮಲಗಿದ್ದಾಯ್ತಲ್ಲ."

ಮಾರನೆಯ ದಿನ ಬಡಗಿ ಲಕ್ಕಪ್ಪನನ್ನು ಕರೆಸಿದರು. ಅವನು ಕನ್ನಡಿ ಬಿಚ್ಚಿದ. ಅದರ ಹಿಂದಿದ್ದ ನಡುಬಾಗಿಲು ಸರಿಯಾಗಿಯೇ ಇತ್ತು, ತೆಗೆಯುವಾಗ ಮಾತ್ರ ಕಿರುಗುಟ್ಟಿತು. ಬೆಂಚಿನ ಮೇಲಿನ ಮೆಣಸಿನಕಾಯಿ ಮೊರಕ್ಕೆ ಹೋಯಿತು, ಬೆಂಚು ಅಂಗಡಿಗೆ ಬಂತು. ಕುರ್ಚಿಗಳನ್ನು ಒಂದರೊಳಗೊಂದು ಪೇರಿಸಿ ಮೂಲೆಗಿಟ್ಟರು. ಮೇಘಶ್ರೀ "ಚೀಲಗಳನ್ನು ಇಟ್ಟುಕೊಳ್ಳಲಾಗುತ್ತದೆ" ಎಂದು ಒಂದು ರಟ್ಟಿನ ಮೇಲೆ ಬರೆದು ಗಾಜಿಗೆ ಅಂಟಿಸಿದಳು. ರೇವಣಸಿದ್ದಪ್ಪನವರು ವಿಭೂತಿ ಇಟ್ಟುಕೊಂಡು, ಜೇಬಿನ ಪಟ್ಟಿಗಳನ್ನು ಬೆಂಚಿನ ಮೇಲೆ ಬಣ್ಣದ ಪ್ರಕಾರ ಜೋಡಿಸಿ ಕೂತರು. ದ್ರಾಕ್ಷಾಯಣಿ ಮಧ್ಯಾಹ್ನ ಚಿಲಕ ಹಾಕಲಿಲ್ಲ. ಎರಡು ಚೊಂಬು ನೀರು ತುಂಬಿ ಬಾಗಿಲ ಪಕ್ಕ ಇಟ್ಟಳು.

ದೀಪಾವಳಿಯವರೆಗೆ ಹಾಗೇ ಕಾದರು. ಬಸ್ಸಿನಿಂದ ಇಳಿದವರಿಗೆ ಹತ್ತಿರದ ಬೆಂಚು ಸಿಕ್ಕಿತ್ತು, ಚೀಲ ಇಡಲು ಪೇಟೆಬೀದಿಯವರೆಗೆ ಹೊತ್ತು ನಡೆಯುವ ಅಗತ್ಯ ಅವರಿಗಿರಲಿಲ್ಲ. ಆ ದಿನಗಳಲ್ಲೆಲ್ಲ ಬೆಂಚಿನ ಕೆಳಗೆ ಬಂದದ್ದು ಒಂದೇ ಚೀಲ. ಲಕ್ಕಪ್ಪ ಕನ್ನಡಿ ಬಿಚ್ಚಿದ ದಿನ ತನ್ನ ಉಳಿ, ಸುತ್ತಿಗೆಗಳ ಚೀಲವನ್ನು ಮರೆತು ಹೋಗಿದ್ದ. ರೇವಣಸಿದ್ದಪ್ಪನವರು ಅದಕ್ಕೆ ನೀಲಿ ಪಟ್ಟಿ ಕಟ್ಟಿ, ಜೋಡಿ ಪಟ್ಟಿಯನ್ನು ಜೋಪಾನವಾಗಿ ಇಟ್ಟಿದ್ದರು. ಅವನು ಬಂದಾಗ ಪಟ್ಟಿಗೆ ಪಟ್ಟಿ ಹೊಂದಿಸಿ ಕೊಟ್ಟರು.

"ಏನಾರ ತಗೋತೀಯೇನ್ಲಾ?" ಎಂದು ಕೇಳಿದರು.

"ಟವೆಲ್ ಒಂದು ಕೊಡಿ," ಎಂದ ಲಕ್ಕಪ್ಪ.

ದ್ರಾಕ್ಷಾಯಣಿ ಅವನಿಗೆ ನೀರು ಕೊಟ್ಟಳು. ಇಂದ್ರೇಶ್ ಆ ಸಂಜೆ ದಲ್ಲಾಳಿಗೆ ಫೋನು ಮಾಡಿದ.

ಕಾರ್ತಿಕ ಮುಗಿಯುವುದರೊಳಗೆ ಅಂಗಡಿಯ ಮುಂಭಾಗವನ್ನು ಎಟಿಎಂಗೆ, ಉಳಿದ ಹಿಂಭಾಗವನ್ನು ಅದರ ಬ್ಯಾಟರಿಗಳಿಗೆ ಬಾಡಿಗೆ ಕೊಟ್ಟರು. ಗಾಜಿನ ಬಾಗಿಲು, ಏಸಿ ಎರಡೂ ಬ್ಯಾಂಕಿನವರಿಗೆ ಉಪಯೋಗಕ್ಕೆ ಬಂದವು. ನಡುಬಾಗಿಲಿಗೆ ಇಟ್ಟಿಗೆ ಕಟ್ಟಿದರು.